ಹಿರಿಯರ ಮಾತು ನಡೆಯುವ ಮನೆ: ವೃದ್ಧಾಶ್ರಮಗಳ ನೀತಿ, ಮಾನದಂಡ ಮತ್ತು ಉಳಿದ ಪ್ರಶ್ನೆಗಳು

ಹೂವಿನಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ತಾಲೂಕುಗಳಲ್ಲಿ ಸುಗ್ಗಿ ಮುಗಿದರೆ ಗುಳೆ ಶುರುವಾಗುತ್ತದೆ. ತುಂಗಭದ್ರೆ ಪಕ್ಕದಲ್ಲೇ ಹರಿದರೂ ಮಳೆ ನೆಚ್ಚಿದ ಹೊಲಗಳೇ ಇಲ್ಲಿ ಬಹಳ. ಬೆಂಗಳೂರಿನ ಕಟ್ಟಡ ಕೆಲಸ, ಮಲೆನಾಡಿನ ಕಾಫಿ ತೋಟ, ಕಬ್ಬು ಕಡಿಯುವ ಗ್ಯಾಂಗು ಎಂದು ದುಡಿಯುವ ಕೈಗಳೆಲ್ಲ ಊರು ಬಿಟ್ಟ ಮೇಲೆ ಉಳಿಯುವವರು ಮುದುಕರು ಮತ್ತು ಮಕ್ಕಳು. ಅಜ್ಜಿಗೆ ಕೈಕಾಲು ಗಟ್ಟಿ ಇರುವವರೆಗೆ ಈ ವ್ಯವಸ್ಥೆ ಹೇಗೋ ನಡೆಯುತ್ತದೆ. ಮೊಮ್ಮಕ್ಕಳಿಗೆ ರೊಟ್ಟಿ ಬಡಿದು ಹಾಕುವವಳು ಅವಳೇ, ರೇಷನ್ ತರುವವಳೂ ಅವಳೇ. ಅವಳೇ ಹಾಸಿಗೆ ಹಿಡಿದರೆ ಮುಂದೇನು ಎಂಬ ಪ್ರಶ್ನೆಗೆ ಊರಿನಲ್ಲಿ ಸಿದ್ಧ ಉತ್ತರವಿಲ್ಲ.

ಅಲ್ಲಿಂದ ಮಾತು ವೃದ್ಧಾಶ್ರಮದ ಕಡೆಗೆ ಹೊರಳುತ್ತದೆ, ಹೊರಳಿದ ಕೂಡಲೇ ಎರಡು ವಾದಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹೆತ್ತವರನ್ನು ಅಲ್ಲಿಗೆ ಕಳಿಸುವುದೇ ಪಾಪ ಎಂಬುದು ಒಂದು. ಆಶ್ರಮಗಳು ಸಾಲುತ್ತಿಲ್ಲ, ಇನ್ನಷ್ಟು ಕಟ್ಟಿ ಎಂಬುದು ಇನ್ನೊಂದು. ಒಳಗೆ ಸೇರಿದ ಹಿರಿಯರನ್ನು ಹೇಗೆ ನೋಡಿಕೊಂಡರೆ ಅದು ಸರಿಯಾದ ಆರೈಕೆ, ಅದನ್ನು ತೀರ್ಮಾನಿಸಬೇಕಾದವರು ಯಾರು, ತಪ್ಪಿದರೆ ಕೇಳುವವರು ಯಾರು ಎಂಬ ಪ್ರಶ್ನೆಗಳು ಈ ಗದ್ದಲದಲ್ಲಿ ಹಿಂದೆ ಬೀಳುತ್ತವೆ. ನೂರಾರು ವರ್ಷಗಳಿಂದ ಈ ಪ್ರಶ್ನೆಗಳಿಗೆ ಬೇರೆ ಬೇರೆ ದಿಕ್ಕಿನಿಂದ ಉತ್ತರ ಹುಡುಕಿದವರಿದ್ದಾರೆ. ಆ ಹುಡುಕಾಟವನ್ನು ಒಂದೆಡೆ ಇಟ್ಟು ನೋಡುವ ಪ್ರಯತ್ನ ಇದು.

ದಾನದ ಮನೆಯಿಂದ ಕಾಯ್ದೆಯವರೆಗೆ

ನಮ್ಮಲ್ಲಿ ದಿಕ್ಕಿಲ್ಲದವರಿಗೆ ಮಠ, ಛತ್ರ, ದೇವಸ್ಥಾನದ ಅಂಗಳಗಳೇ ಆಸರೆಯಾಗಿದ್ದವು. ಹಿರಿಯರಿಗೆಂದೇ ಕಟ್ಟಿದ, ಹಗಲಿರುಳು ನೋಡಿಕೊಳ್ಳುವ ನಿವಾಸ ಬಂದದ್ದು ಈಚೆಗೆ. 1839ರಲ್ಲಿ ಫ್ರಾನ್ಸಿನಲ್ಲಿ ಜ್ಯಾನ್ ಜುಗಾನ್ ಎಂಬ ಮಹಿಳೆ ಕಣ್ಣು ಕಾಣದ ಮುದುಕಿಯೊಬ್ಬಳನ್ನು ತನ್ನ ಮನೆಗೆ ಕರೆತಂದದ್ದರಿಂದ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಎಂಬ ಸನ್ಯಾಸಿನಿಯರ ಸಂಘ ಹುಟ್ಟಿತು. ಅದು 1882ರಲ್ಲಿ ಕೋಲ್ಕತ್ತದಲ್ಲಿ ವೃದ್ಧರ ನಿವಾಸ ತೆರೆಯಿತು, ಮುಂದೆ ಬೆಂಗಳೂರಿಗೂ ಬಂತು. ಇಂಗ್ಲೆಂಡಿನ ದಾರಿ ಬೇರೆ. 1834ರ ಬಡವರ ಕಾನೂನಿನಡಿ ಎದ್ದ ವರ್ಕ್‌ಹೌಸುಗಳಲ್ಲಿ ಮುದುಕರನ್ನೂ ಸೋಮಾರಿಗಳೆಂಬಂತೆ ಕೂಡಿಹಾಕಲಾಯಿತು. ಕರುಣೆಯ ಮನೆ ಮತ್ತು ಶಿಕ್ಷೆಯ ಮನೆ ಎಂಬ ಈ ಎರಡೂ ವಂಶಗಳ ಗುರುತು ಇಂದಿನ ಆಶ್ರಮಗಳಲ್ಲಿ ಇನ್ನೂ ಇದೆ.

ಸ್ವತಂತ್ರ ಭಾರತದ ಸಂವಿಧಾನ 41ನೇ ವಿಧಿಯಲ್ಲಿ ಮುಪ್ಪಿನ ಕಾಲಕ್ಕೆ ಸರ್ಕಾರದ ನೆರವನ್ನು ಹೆಸರಿಸಿತು. ಆದರೆ ಆ ನೆರವನ್ನು ಆರ್ಥಿಕ ಶಕ್ತಿಯ ಮಿತಿಗೆ ಒಳಪಡಿಸಿತು, ಅದು ಬಂದದ್ದೂ ಕೋರ್ಟಿನಲ್ಲಿ ನೇರವಾಗಿ ಕೇಳಲಾಗದ ನಿರ್ದೇಶಕ ತತ್ವಗಳ ಸಾಲಿನಲ್ಲಿ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಆಶ್ರಮಗಳಿಗೆ 1992ರಿಂದ ಕೇಂದ್ರದ ಅನುದಾನ ಯೋಜನೆ ಬಂತು. 1999ರಲ್ಲಿ ಹಿರಿಯರ ರಾಷ್ಟ್ರೀಯ ನೀತಿಯೂ, 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯೂ ಹೊರಬಂದವು. 2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ, ಅಂದರೆ ಜನಸಂಖ್ಯೆಯ ಶೇ. 8.6. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 9.5ರಷ್ಟಿತ್ತು. ಹಡಗಲಿ ಸೀಮೆಯಲ್ಲಿ ಈ ಅವಧಿಯಲ್ಲೇ ಆಡಳಿತದ ಗಡಿಗಳೂ ಬದಲಾದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಸೇರಿ 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರೂಪುಗೊಂಡಿತು. ಕಾಯ್ದೆ ಎಲ್ಲವನ್ನೂ ಜಿಲ್ಲೆಯ ಲೆಕ್ಕದಲ್ಲಿ ಹೇಳುವುದರಿಂದ ಈ ಸಂಗತಿಗೆ ತೂಕವಿದೆ.

ಮನೆತನದ ಕರ್ತವ್ಯ ಎನ್ನುವವರು

ಮೊದಲ ಪಂಥದ ನಿಲುವು ಸ್ಪಷ್ಟ: ಹೆತ್ತವರ ಆರೈಕೆ ಮಕ್ಕಳ ಋಣ, ವೃದ್ಧಾಶ್ರಮವೆಂದರೆ ಆ ಋಣ ತಪ್ಪಿಸಿಕೊಂಡದ್ದರ ಸಾಕ್ಷಿ. ಈ ನಿಲುವಿನ ಬಲ ದೊಡ್ಡದು. ದೇಶದ ಬಹುಪಾಲು ಹಿರಿಯರನ್ನು ಇಂದಿಗೂ ಸಾಕುತ್ತಿರುವುದು ಮನೆಗಳೇ. 2007ರ ಕಾಯ್ದೆಯೂ ಇದೇ ತಳಹದಿಯ ಮೇಲೆ ನಿಂತಿದೆ. ನೋಡಿಕೊಳ್ಳದ ಮಕ್ಕಳ ವಿರುದ್ಧ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ಅಲ್ಲಿ ವಕೀಲರ ವಾದಕ್ಕೆ ಅವಕಾಶವಿಲ್ಲ, ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಕೊಡಿಸಬಹುದು. ಹಿರಿಯರನ್ನು ತೊರೆದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ತೊರೆಯುವುದು ಕಟ್ಟುಕಥೆಯಲ್ಲ. ಚಿಕಿತ್ಸೆಗೆಂದು ಕರೆತಂದ ಹೆತ್ತವರನ್ನು ಸರ್ಕಾರಿ ಆಸ್ಪತ್ರೆಗಳಲ್ಲೇ ಬಿಟ್ಟು ಹೋಗುವ ಪ್ರಕರಣಗಳು 2025ರ ಮಾರ್ಚಿನಲ್ಲಿ ಕರ್ನಾಟಕದಲ್ಲಿ ದೊಡ್ಡ ಸುದ್ದಿಯಾದವು. ಬೆಳಗಾವಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರು ಹೀಗೆ ಉಳಿದಿದ್ದಾರೆಂಬ ವರದಿ ಬಂತು. ಅಂಥ ಮಕ್ಕಳಿಗೆ ಆಗಿರುವ ಆಸ್ತಿ ವರ್ಗಾವಣೆಯನ್ನು ರದ್ದುಪಡಿಸುವ ಮಾತನ್ನು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಆಡಿದರು.

ಆದರೆ ಈ ಪಂಥ ಕಾಣದ ಮುಖಗಳೂ ಇವೆ. ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ 1998ರಲ್ಲಿ ಪ್ರಕಟಿಸಿದ ‘ನೋ ಏಜಿಂಗ್ ಇನ್ ಇಂಡಿಯಾ’ ಪುಸ್ತಕ ವಾರಾಣಸಿಯ ಅಧ್ಯಯನ. ಹಿಂದೆ ಒಟ್ಟುಕುಟುಂಬ ಚೆನ್ನಾಗಿತ್ತು, ಈಗ ಕೆಟ್ಟಿತು ಎಂಬ ಕಥೆಯನ್ನು ಪ್ರತಿ ತಲೆಮಾರೂ ಹೇಗೆ ನಂಬಿಕೊಂಡು ಬರುತ್ತದೆ ಎಂದು ಅವರು ಅದರಲ್ಲಿ ವಿಚಾರಿಸಿದರು. ಒಟ್ಟುಕುಟುಂಬದಲ್ಲೂ ನಿಜವಾಗಿ ಆರೈಕೆ ಮಾಡಿದವಳು ಸೊಸೆ. ಆಕೆಗೆ ಕೂಲಿಯಿರಲಿಲ್ಲ, ಒಲ್ಲೆನೆನ್ನುವ ಸ್ವಾತಂತ್ರ್ಯವೂ ಇರಲಿಲ್ಲ. ಈ ಗಂಟು ಸುಪ್ರೀಂ ಕೋರ್ಟಿನವರೆಗೂ ಹೋದದ್ದು ಬೆಂಗಳೂರಿನದೇ ಒಂದು ಪ್ರಕರಣದಲ್ಲಿ. ಹಿರಿಯ ನಾಗರಿಕರ ಕಾಯ್ದೆಯಡಿ ಸೊಸೆಯನ್ನು ಮನೆ ಖಾಲಿ ಮಾಡಿಸುವ ಆದೇಶ ಬಂದಿತ್ತು. 2020ರ ಡಿಸೆಂಬರಿನಲ್ಲಿ ಕೋರ್ಟು, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ಕೊಟ್ಟ ವಾಸದ ಹಕ್ಕನ್ನು ಈ ಸಂಕ್ಷಿಪ್ತ ವಿಚಾರಣೆಯಿಂದ ಅಳಿಸಿಹಾಕುವಂತಿಲ್ಲ, ಎರಡೂ ಕಾಯ್ದೆಗಳನ್ನು ಹೊಂದಿಸಿ ಓದಬೇಕು ಎಂದಿತು.

ಇನ್ನೂ ಗಟ್ಟಿಯಾದ ಪ್ರಶ್ನೆ ನಮ್ಮ ಸೀಮೆಯದು. ದೇವದಾಸಿ ಪದ್ಧತಿ ಬೇರೂರಿದ್ದ ತಾಲೂಕುಗಳಿವು. 1982ರ ರಾಜ್ಯ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು, ಮುತ್ತು ಕಟ್ಟಿಸಿಕೊಂಡಿದ್ದ ತಾಯಂದಿರು ಈಗ ಮುಪ್ಪಿನಲ್ಲಿದ್ದಾರೆ. ಕೂಲಿಕಾರರು, ಜೋಗತಿಯರು, ಮಕ್ಕಳಿಲ್ಲದ ವಿಧವೆಯರು, ಮಕ್ಕಳನ್ನು ಕಳೆದುಕೊಂಡವರು ಎಲ್ಲರೂ ಈ ಸಾಲಿನಲ್ಲಿದ್ದಾರೆ. ಕಾಯ್ದೆಯ ಪ್ರಕಾರ ಮಕ್ಕಳಿಲ್ಲದವರು ಜೀವನಾಂಶ ಕೇಳಬಹುದಾದದ್ದು ತಮ್ಮ ಆಸ್ತಿ ಹೊಂದಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರಿಂದ. ಮಕ್ಕಳೂ ಇಲ್ಲದ, ಆಸ್ತಿಯೂ ಇಲ್ಲದ ಮುದುಕಿಗೆ ಈ ಕಾಯ್ದೆ ತೋರಿಸುವ ಬಾಗಿಲು ಒಂದೇ, ಅದು ವೃದ್ಧಾಶ್ರಮ. ಹಾಗಿರುವಾಗ ಆಶ್ರಮವನ್ನೇ ಅಪಮಾನವೆಂದು ಕರೆದರೆ ಮಾತು ತಾಗುವುದು ತಪ್ಪಿತಸ್ಥ ಮಗನಿಗಿಂತ ಮೊದಲು ಅಲ್ಲಿ ಬದುಕುತ್ತಿರುವವರಿಗೆ.

ಸೇವೆಯ ದಾರಿ, ದಾಸೋಹದ ದಾರಿ

ಎರಡನೆಯ ಪಂಥ ಆಶ್ರಮವನ್ನು ಪುಣ್ಯದ ಕೆಲಸವೆಂದು ಕಾಣುತ್ತದೆ. ಮಠಗಳ ದಾಸೋಹ, ಕ್ರೈಸ್ತ ಸಂಘಗಳ ಸೇವೆ, ಊರ ದಾನಿಗಳ ಅನ್ನದಾನ, ಹುಟ್ಟುಹಬ್ಬದ ದಿನ ಬಂದು ಹಣ್ಣು ಹಂಚುವ ಕುಟುಂಬಗಳು ಇದರ ಬೇರೆ ಬೇರೆ ರೂಪಗಳು. ಸರ್ಕಾರ ಕಣ್ಣು ತೆರೆಯುವ ಮೊದಲೇ ಸಾವಿರಾರು ಜನರಿಗೆ ಸೂರು ಮತ್ತು ಊಟ ಕೊಟ್ಟದ್ದು ಈ ದಾರಿ. ಅದರ ಋಣ ದೊಡ್ಡದು.

ಇದನ್ನು ಹತ್ತಿರದಿಂದ ನೋಡಿದವರಲ್ಲಿ ಮಾನವಶಾಸ್ತ್ರಜ್ಞೆ ಸಾರಾ ಲ್ಯಾಂಬ್ ಒಬ್ಬರು. ಕೋಲ್ಕತ್ತದ ವೃದ್ಧಾಶ್ರಮಗಳ ಬಗ್ಗೆ 2009ರಲ್ಲಿ ಬರೆದ ಪುಸ್ತಕದಲ್ಲಿ ಅವರು ಒಂದು ಮುಖ್ಯ ಸಂಗತಿ ಗುರುತಿಸಿದರು. ಅಲ್ಲಿನ ನಿವಾಸಿಗಳಲ್ಲಿ ಅನೇಕರು ತಮ್ಮ ಬದುಕನ್ನು ಪಶ್ಚಿಮದಿಂದ ಬಂದ ಅನಿಷ್ಟವೆಂದಷ್ಟೇ ನೋಡದೆ, ವಾನಪ್ರಸ್ಥ ಮತ್ತು ಸೇವೆಯ ಹಳೆಯ ಕಲ್ಪನೆಗಳಿಂದಲೂ ಅರ್ಥ ಮಾಡಿಕೊಳ್ಳುತ್ತಿದ್ದರು. ಆಶ್ರಮ ನಮ್ಮ ಸಂಸ್ಕೃತಿಗೆ ಪೂರಾ ಹೊರಗಿನದು ಎಂಬ ವಾದಕ್ಕೆ ಇದು ಸರಿಯಾದ ಉತ್ತರ.

ಆದರೆ ದಾನದ ಸಂಬಂಧದಲ್ಲಿ ಕೊಡುವವರು ಮೇಲೆ, ಪಡೆಯುವವರು ಕೆಳಗೆ. ಉಚಿತವಾಗಿ ಅನ್ನ ಹಾಕುವವರಿಗೆ ಸಾರು ಉಪ್ಪಾಯಿತು ಎಂದು ಹೇಳುವುದು ಕಷ್ಟ, ರಾತ್ರಿ ಪಾಳಿಯವರು ಗದರಿಸಿದರು ಎಂದು ಹೇಳುವುದು ಇನ್ನೂ ಕಷ್ಟ. ದಾನಿಗಳ ಮುಂದೆ ಸಾಲಾಗಿ ಕೂರಿಸಿ ಫೋಟೊ ತೆಗೆಯುವಾಗ ಒಪ್ಪಿಗೆ ಕೇಳುವ ರೂಢಿ ಅಪರೂಪ. ಯಾವ ಹೊತ್ತಿಗೆ ಊಟ, ಯಾವ ದೇವರ ಪ್ರಾರ್ಥನೆ, ಯಾರ ಪಕ್ಕದ ಮಂಚ ಎಂಬುದನ್ನೆಲ್ಲ ನಡೆಸುವವರ ನಂಬಿಕೆಯೇ ತೀರ್ಮಾನಿಸುವ ಸಾಧ್ಯತೆ ಹೆಚ್ಚು. ಒಳ್ಳೆಯ ಮನಸ್ಸಿನವರಿದ್ದರೆ ಒಳ್ಳೆಯ ಆಶ್ರಮ, ಅವರು ಹೋದ ಮೇಲೆ ಏನು ಎಂಬುದಕ್ಕೆ ಈ ಪಂಥದಲ್ಲಿ ಉತ್ತರವಿಲ್ಲ.

ಹಕ್ಕಿನ ಮಾತು

ಆ ಉತ್ತರ ಕೊಡಲು ಹೊರಟದ್ದು ಹಕ್ಕಿನ ಪಂಥ. 1991ರ ಡಿಸೆಂಬರ್ 16ರಂದು ವಿಶ್ವಸಂಸ್ಥೆಯ ಮಹಾಸಭೆ ಹಿರಿಯರಿಗಾಗಿ 18 ತತ್ವಗಳನ್ನು ಅಂಗೀಕರಿಸಿತು. ಸ್ವಾತಂತ್ರ್ಯ, ಪಾಲ್ಗೊಳ್ಳುವಿಕೆ, ಆರೈಕೆ, ತನ್ನ ಸಾಮರ್ಥ್ಯ ಅರಳಿಸಿಕೊಳ್ಳುವ ಅವಕಾಶ ಮತ್ತು ಘನತೆ ಎಂಬ ಐದು ಗುಂಪುಗಳಲ್ಲಿ ಅವು ಬರುತ್ತವೆ. ಆರೈಕೆಯ ಯಾವುದೇ ನಿವಾಸದಲ್ಲಿದ್ದರೂ ವ್ಯಕ್ತಿಯ ಘನತೆ, ನಂಬಿಕೆ, ಖಾಸಗಿತನ ಮತ್ತು ತನ್ನ ಆರೈಕೆಯ ಬಗ್ಗೆ ತಾನೇ ತೀರ್ಮಾನಿಸುವ ಹಕ್ಕು ಉಳಿಯಬೇಕು ಎಂದು ಅವುಗಳಲ್ಲೊಂದು ಹೇಳುತ್ತದೆ. ಆಶ್ರಮಗಳ ನೀತಿಯ ತಿರುಳೇ ಇದು. ಬಾಗಿಲು ದಾಟಿ ಒಳಬಂದ ಮಾತ್ರಕ್ಕೆ ನಾಗರಿಕತ್ವ ಹೊರಗೆ ಉಳಿಯುವುದಿಲ್ಲ.

ನಮ್ಮ ಕಾಯ್ದೆ ಈ ಎತ್ತರಕ್ಕೆ ಏರಿಲ್ಲ. 2007ರ ಕಾಯ್ದೆಯ 19ನೇ ಕಲಮು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ಕನಿಷ್ಠ ಒಂದು ಆಶ್ರಮದ ಮಾತಾಡುತ್ತದೆ. ಆದರೆ ಸರ್ಕಾರ ಅದನ್ನು ಸ್ಥಾಪಿಸಬಹುದು ಎನ್ನುತ್ತದೆಯೇ ಹೊರತು ಸ್ಥಾಪಿಸಲೇಬೇಕು ಎನ್ನುವುದಿಲ್ಲ. ಸೇವೆಯ ಗುಣಮಟ್ಟ ಗೊತ್ತುಮಾಡುವುದನ್ನು ರಾಜ್ಯಗಳಿಗೆ ಬಿಡುತ್ತದೆ. ಮಾಜಿ ಕಾನೂನು ಸಚಿವ ಅಶ್ವನಿ ಕುಮಾರ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಡಿಸೆಂಬರ್ 13ರಂದು ಹಿರಿಯರ ಘನತೆ, ಸೂರು, ಆರೋಗ್ಯಗಳನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಂದಿಗೆ ಸೇರಿಸಿ ಓದಿ, ಪ್ರತಿ ಜಿಲ್ಲೆಯ ವೃದ್ಧಾಶ್ರಮಗಳ ಮಾಹಿತಿ ಕಲೆಹಾಕುವಂತೆ ಸೂಚಿಸಿತು. 2019ರ ತಿದ್ದುಪಡಿ ಮಸೂದೆ ಆಶ್ರಮಗಳ ನೋಂದಣಿ, ಕನಿಷ್ಠ ಮಾನದಂಡ, ಮನೆಯಲ್ಲೇ ಆರೈಕೆ ಕೊಡುವ ಸಂಸ್ಥೆಗಳ ಮೇಲಿನ ನಿಗಾ ಇವನ್ನೆಲ್ಲ ತರಲು ಹೊರಟಿತ್ತು, ಜೀವನಾಂಶದ 10,000 ರೂಪಾಯಿ ಮಿತಿಯನ್ನೂ ತೆಗೆಯಲಿತ್ತು. 17ನೇ ಲೋಕಸಭೆಯ ಅವಧಿ ಮುಗಿದಾಗ ಅದು ಬಿದ್ದುಹೋಯಿತು.

ಹಡಗಲಿಯಿಂದ ನೋಡಿದರೆ ಜಿಲ್ಲೆಗೊಂದು ಎಂಬ ಲೆಕ್ಕದಲ್ಲೇ ಒಂದು ನೈತಿಕ ತೊಡಕಿದೆ. 150 ಜನರ ದೊಡ್ಡ ಕಟ್ಟಡ ಸಹಜವಾಗಿ ಜಿಲ್ಲಾ ಕೇಂದ್ರದ ಸುತ್ತ ಏಳುತ್ತದೆ. ಮೈಲಾರದ ಕಾರಣಿಕ ನೋಡಿಕೊಂಡು ಬೆಳೆದ, ಮಾಗಳ ಹಿರೇಹಡಗಲಿಗಳ ಆಚೆ ಹೆಚ್ಚು ಓಡಾಡದ ಅಜ್ಜನಿಗೆ ದೂರದ ಊರಿನ ಒಳ್ಳೆಯ ಮಂಚಕ್ಕಿಂತ, ಬಂಧುಬಳಗ ಬಂದು ಮಾತಾಡಿಸಿ ಹೋಗುವಷ್ಟು ಹತ್ತಿರದ ಸಾಧಾರಣ ಕೋಣೆ ಮೇಲಾಗಬಹುದು. ಹತ್ತಿರವಿರುವುದೂ ಆರೈಕೆಯ ಗುಣಮಟ್ಟವೇ. ತಾಲೂಕಿಗೊಂದು ಸಣ್ಣ ಆಶ್ರಮ ಈ ಕಾರಣಕ್ಕೆ ಜಿಲ್ಲೆಗೊಂದು ದೊಡ್ಡ ಆಶ್ರಮಕ್ಕಿಂತ ಹೆಚ್ಚು ಸರಿ ಎಂಬುದು ನನ್ನ ದೃಢ ಅಭಿಪ್ರಾಯ.

ಸಂಸ್ಥೆಯನ್ನೇ ಅನುಮಾನಿಸಿದವರು

ನಾಲ್ಕನೆಯ ಪಂಥಕ್ಕೆ ಆಶ್ರಮದ ರಚನೆಯ ಬಗ್ಗೆಯೇ ಅನುಮಾನ. 1961ರಲ್ಲಿ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ‘ಅಸೈಲಮ್ಸ್’ ಪುಸ್ತಕದಲ್ಲಿ ಮಲಗುವುದು, ಕೆಲಸ, ಬಿಡುವು ಎಲ್ಲವೂ ಒಂದೇ ಸೂರಿನಡಿ, ಒಂದೇ ಅಧಿಕಾರದ ಕೆಳಗೆ, ಒಂದೇ ವೇಳಾಪಟ್ಟಿಯಲ್ಲಿ ನಡೆಯುವ ಸಂಸ್ಥೆಗಳನ್ನು ವಿವರಿಸಿದರು. ಅಲ್ಲಿ ಮನುಷ್ಯನ ಹಳೆಯ ಗುರುತು ಒಂದೊಂದಾಗಿ ಕಳಚಿಕೊಳ್ಳುತ್ತದೆ: ಸ್ವಂತ ಬಟ್ಟೆ, ಸ್ವಂತ ಪೆಟ್ಟಿಗೆ, ಸ್ವಂತ ಹೊತ್ತು. ಮರುವರ್ಷ ಪೀಟರ್ ಟೌನ್‌ಸೆಂಡ್ ‘ದ ಲಾಸ್ಟ್ ರೆಫ್ಯೂಜ್’ ಪ್ರಕಟಿಸಿದರು. ಇಂಗ್ಲೆಂಡ್ ಮತ್ತು ವೇಲ್ಸಿನ 173 ನಿವಾಸಗಳಿಗೆ ಹೋಗಿ ನೋಡಿ ಬರೆದ ಪುಸ್ತಕ ಅದು. ಕೆಲಸವಿಲ್ಲದ ದಿನಗಳು, ಒಂಟಿತನ, ಮರೆಯಿಲ್ಲದ ಬದುಕು ಅವರಿಗೆ ಕಂಡವು. ನಿವಾಸಗಳನ್ನು ಕ್ರಮೇಣ ಕಡಿಮೆ ಮಾಡಿ, ಹಿರಿಯರ ಮನೆಬಾಗಿಲಿಗೇ ಸೇವೆ ಒಯ್ಯಿರಿ ಎಂಬುದು ಅವರ ವಾದ.

ಒಳ್ಳೆಯ ಮನಸ್ಸಿನವರೂ ಸೇರಿ ಕಟ್ಟಿದ ಆಶ್ರಮ ಯಾಕೆ ಉಸಿರುಗಟ್ಟಿಸುತ್ತದೆ ಎಂಬುದನ್ನು ಈ ಪಂಥ ಬಿಡಿಸಿ ತೋರಿಸುತ್ತದೆ. ಕಡಿಮೆ ಸಿಬ್ಬಂದಿ, ಹೆಚ್ಚು ನಿವಾಸಿಗಳು ಎಂದಾದಾಗ ಎಲ್ಲರಿಗೂ ಬೆಳಗಿನ ಜಾವ ಒಟ್ಟಿಗೆ ಸ್ನಾನ, ಸಂಜೆ ಬೆಳಕಿರುವಾಗಲೇ ಊಟ ಎಂಬ ನಿಯಮ ತಾನಾಗಿ ಹುಟ್ಟುತ್ತದೆ. ಯಾರ ಕ್ರೌರ್ಯವೂ ಇಲ್ಲದೆ ಘನತೆ ಸವೆಯುತ್ತದೆ. ಆದರೆ ಮನೆಬಾಗಿಲಿನ ಸೇವೆಗೆ ಮನೆಯೊಂದು ಇರಬೇಕು, ಒಳಗೆ ಇನ್ನೊಬ್ಬರಾದರೂ ಇರಬೇಕು. ಗುಳೆಯ ಊರಿನಲ್ಲಿ, ಹಾಸಿಗೆ ಹಿಡಿದ ಒಂಟಿ ಜೀವಕ್ಕೆ, ವಾರಕ್ಕೊಮ್ಮೆ ಬರುವ ದಾದಿ ಸಾಕಾಗುವುದಿಲ್ಲ.

ಆರೈಕೆಯ ನೀತಿ

ಐದನೆಯ ಪಂಥ ಹಕ್ಕು ಮತ್ತು ಸಂಸ್ಥೆ ಎರಡನ್ನೂ ದಾಟಿ ಸಂಬಂಧವನ್ನು ನೋಡುತ್ತದೆ. ಕ್ಯಾರಲ್ ಗಿಲಿಗನ್ 1982ರಲ್ಲಿ ಮುನ್ನೆಲೆಗೆ ತಂದ ಈ ವಿಚಾರವನ್ನು ಜೋನ್ ಟ್ರಾಂಟೊ 1993ರಲ್ಲಿ ರಾಜಕೀಯ ಚಿಂತನೆಗೆ ಒಯ್ದರು. ಅವರ ಪ್ರಕಾರ ಒಳ್ಳೆಯ ಆರೈಕೆಗೆ ನಾಲ್ಕು ಗುಣ ಬೇಕು: ಅಗತ್ಯವನ್ನು ಗಮನಿಸುವುದು, ಹೊಣೆ ಹೊರುವುದು, ಮಾಡುವ ಕೆಲಸ ಬಲ್ಲವರಾಗಿರುವುದು, ಆರೈಕೆ ಪಡೆದವರು ಹೇಗೆ ಸ್ಪಂದಿಸಿದರೆಂದು ನೋಡಿ ತಿದ್ದಿಕೊಳ್ಳುವುದು. ದಾನದ ಪಂಥದಲ್ಲಿ ತಪ್ಪಿಹೋಗುವುದು ಈ ನಾಲ್ಕನೆಯದು.

ಬ್ರಿಟನ್ನಿನ ಟಾಮ್ ಕಿಟ್‌ವುಡ್ 1997ರ ಪುಸ್ತಕದಲ್ಲಿ ಇದೇ ದೃಷ್ಟಿಯನ್ನು ಮರೆವಿನ ಕಾಯಿಲೆಯ ಆರೈಕೆಗೆ ತಂದರು. ಮಗುವಿನಂತೆ ಮಾತಾಡಿಸುವುದು, ಎದುರಿಗಿದ್ದರೂ ಇಲ್ಲವೆಂಬಂತೆ ಅವರ ಬಗ್ಗೆ ಮಾತಾಡುವುದು, ಅವಸರಪಡಿಸುವುದು, ಮರುಳು ಮಾಡುವುದು ಇವೆಲ್ಲ ಕೆಟ್ಟ ಉದ್ದೇಶವಿಲ್ಲದೆಯೂ ವ್ಯಕ್ತಿತ್ವವನ್ನು ಕುಗ್ಗಿಸುತ್ತವೆ ಎಂದರು. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಬೆಂಗಳೂರಿನಲ್ಲಿ ಈ ಕಾಯಿಲೆಗೆಂದೇ ತರಬೇತಾದ ಸಿಬ್ಬಂದಿ ಇರುವ ಕೇಂದ್ರಗಳು ಬಂದಿವೆ. ನಮ್ಮ ತಾಲೂಕುಗಳಲ್ಲಿ ಅದನ್ನು ಇನ್ನೂ ಅರಳು ಮರಳು ಎಂದು ಕರೆದು ಸುಮ್ಮನಾಗುತ್ತೇವೆ.

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಒಂದು ನಿವಾಸದಲ್ಲಿ ಮಾಡಿದ ಪ್ರಯೋಗವನ್ನು ಈ ಪಂಥದವರು ಮತ್ತೆ ಮತ್ತೆ ನೆನೆಯುತ್ತಾರೆ. ಒಂದು ಮಹಡಿಯವರಿಗೆ ಕೋಣೆ ಹೇಗಿರಬೇಕು, ಹೊತ್ತು ಹೇಗೆ ಕಳೆಯಬೇಕು ಎಂಬುದು ನಿಮಗೇ ಬಿಟ್ಟದ್ದು ಎಂದು ಹೇಳಿ, ಸಾಕಲು ಒಂದು ಗಿಡ ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ಅದನ್ನು ಸಿಬ್ಬಂದಿ ನೋಡಿಕೊಳ್ಳುತ್ತಾರೆ ಎಂದರು. ಮೊದಲ ಮಹಡಿಯವರಲ್ಲಿ ಚುರುಕುತನ, ಲವಲವಿಕೆ ಹೆಚ್ಚಿದವು. ಇದು ಸಣ್ಣ ಅಧ್ಯಯನ, ಇದೊಂದರ ಮೇಲೆ ನೀತಿಯನ್ನೆಲ್ಲ ಕಟ್ಟಲಾಗದು. ಆದರೂ ಜೀವನವಿಡೀ ಹೊಲ, ದನ, ಮಲ್ಲಿಗೆ ತೋಟ ನೋಡಿಕೊಂಡವರನ್ನು ದಿನವಿಡೀ ಸುಮ್ಮನೆ ಕೂರಿಸುವುದು ಆರೈಕೆಯಲ್ಲ ಎಂಬುದನ್ನು ಹಡಗಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಳೆಯುವುದು ಹೇಗೆ

ಮೌಲ್ಯ ಒಪ್ಪಿಕೊಂಡ ಮೇಲೆ ಅದನ್ನು ಪರೀಕ್ಷಿಸುವ ಅಳತೆ ಬೇಕು. ವೈದ್ಯಕೀಯ ಸೇವೆಯ ಗುಣಮಟ್ಟವನ್ನು ರಚನೆ, ನಡೆ, ಫಲ ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದು ಅವೆದಿಸ್ ಡೊನಬೇಡಿಯನ್ 1966ರಲ್ಲಿ ಹೇಳಿದರು. ಆಶ್ರಮಕ್ಕೆ ಇದನ್ನು ಹೊಂದಿಸಿದರೆ ರಚನೆಯೆಂದರೆ ಕೋಣೆಯ ವಿಸ್ತೀರ್ಣ, ಶೌಚಾಲಯದ ಹಿಡಿಕೆ, ರ‍್ಯಾಂಪು, ಸಿಬ್ಬಂದಿಯ ಸಂಖ್ಯೆ. ನಡೆಯೆಂದರೆ ಮೈ ತೊಳೆಯುವಾಗ ಬಾಗಿಲು ಮುಚ್ಚುತ್ತಾರೋ, ಔಷಧಿ ಹೊತ್ತಿಗೆ ಸರಿಯಾಗಿ ಕೊಡುತ್ತಾರೋ, ದೂರು ಬರೆದುಕೊಳ್ಳುತ್ತಾರೋ ಎಂಬುದು. ಫಲವೆಂದರೆ ಹಾಸಿಗೆ ಹುಣ್ಣು, ಬಿದ್ದು ಆದ ಗಾಯ, ತೂಕ ಇಳಿಕೆ, ನಿವಾಸಿಯ ಸಮಾಧಾನ. ನಮ್ಮಲ್ಲಿ ತಪಾಸಣೆ ನಡೆದರೂ ಅದು ಬಹುಮಟ್ಟಿಗೆ ಮೊದಲನೆಯದಕ್ಕೇ ನಿಲ್ಲುತ್ತದೆ, ಏಕೆಂದರೆ ಕಟ್ಟಡವನ್ನು ಅಳೆಯುವುದು ಸುಲಭ.

ಹೊರದೇಶಗಳ ಅನುಭವ ಇಲ್ಲಿ ಪಾಠ. ಅಮೆರಿಕ 1987ರಲ್ಲಿ ಕಾನೂನು ತಂದು, ಸಿಬ್ಬಂದಿಯ ಅನುಕೂಲಕ್ಕೆಂದು ಅಥವಾ ಶಿಸ್ತಿಗೆಂದು ನಿವಾಸಿಯನ್ನು ಕಟ್ಟಿಹಾಕುವಂತಿಲ್ಲ, ಮಂಕು ಕವಿಸುವ ಔಷಧಿ ಕೊಡುವಂತಿಲ್ಲ ಎಂದಿತು. ಆಸ್ಟ್ರೇಲಿಯದಲ್ಲಿ 2018ರಲ್ಲಿ ನೇಮಕವಾದ ರಾಯಲ್ ಕಮಿಷನ್ ತನ್ನ ಮಧ್ಯಂತರ ವರದಿಗೆ ‘ನಿರ್ಲಕ್ಷ್ಯ’ ಎಂದೇ ಹೆಸರಿಟ್ಟಿತು. ಶ್ರೀಮಂತ ದೇಶ, ದಪ್ಪ ದಪ್ಪ ನಿಯಮಾವಳಿ, ಸಾಲು ಸಾಲು ಪ್ರಮಾಣಪತ್ರ ಇದ್ದಾಗಲೂ ಹಿರಿಯರು ನರಳಿದ್ದರು. 2021ರ ಅಂತಿಮ ವರದಿಯ ನಂತರ ಪ್ರತಿ ನಿವಾಸಿಗೆ ದಿನಕ್ಕೆ ಸರಾಸರಿ ಇಷ್ಟು ನಿಮಿಷದ ಆರೈಕೆ ಸಿಗಲೇಬೇಕೆಂಬ ನಿಯಮ ಬಂತು: 2023ರ ಅಕ್ಟೋಬರಿನಿಂದ 200 ನಿಮಿಷ, ಮರುವರ್ಷ 215. ಗೋಡೆಯ ಅಳತೆ ಬಿಟ್ಟು ಮನುಷ್ಯನ ಹೊತ್ತನ್ನು ಅಳೆಯಲು ಹೊರಟದ್ದು ಮುಖ್ಯವಾದ ತಿರುವು.

ನಮ್ಮಲ್ಲಿ ಹಣವುಳ್ಳವರ ನಿವೃತ್ತಿ ಮನೆಗಳಿಗೆ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಕೊಟ್ಟಿತು. ಫ್ಲ್ಯಾಟು ಕೊಳ್ಳುವ ಹಿರಿಯರಿಗೆ ಒಂದು ರಕ್ಷಣೆಯ ರೂಪುರೇಷೆ ಸಿಕ್ಕಿದಾಗ, ಉಚಿತ ಆಶ್ರಮಗಳ ನೋಂದಣಿಯನ್ನು ಕಡ್ಡಾಯ ಮಾಡಲಿದ್ದ ಮಸೂದೆ ಬಿದ್ದುಹೋಯಿತು ಎಂಬುದು ನಮ್ಮ ಆದ್ಯತೆಗಳ ಬಗ್ಗೆ ನೋವಿನ ಸಂಗತಿ.

ಮೌಲ್ಯಗಳೇ ಒಂದಕ್ಕೊಂದು ಎದುರಾದಾಗ

ಈ ಪಂಥಗಳ ನಿಜವಾದ ಪರೀಕ್ಷೆ ಆಗುವುದು ಎರಡು ಒಳ್ಳೆಯ ಸಂಗತಿಗಳಲ್ಲಿ ಒಂದನ್ನೇ ಆರಿಸಬೇಕಾದಾಗ.

ಸುರಕ್ಷತೆ ಮತ್ತು ಸ್ವಾತಂತ್ರ್ಯದ ಜಗಳ ದಿನನಿತ್ಯದ್ದು. ಸಂತೆಗೆ ಹೋಗಿಬರುತ್ತೇನೆಂದು ಹೊರಟ ಅಜ್ಜನನ್ನು ಬಿಟ್ಟರೆ ಬಿದ್ದಾನು, ದಾರಿ ತಪ್ಪಿಯಾನು. ಬಿಡದಿದ್ದರೆ ಆಶ್ರಮಕ್ಕೂ ಜೈಲಿಗೂ ವ್ಯತ್ಯಾಸವೇನು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕಟ್ಟಿಹಾಕುವುದಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿದೆ. ಡಿಮೆನ್ಷಿಯಾ ಇರುವವರ ಆಶ್ರಮಗಳನ್ನೂ ಆ ಕಾಯ್ದೆಯಡಿ ತರಬೇಕೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಆಸ್ತಿಯ ಪ್ರಶ್ನೆಯೂ ಹರಿತವಾದದ್ದು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು ಷರತ್ತು ಮುರಿದಾಗ ರದ್ದು ಮಾಡಲು ಕಾಯ್ದೆಯ 23ನೇ ಕಲಮು ಅವಕಾಶ ಕೊಡುತ್ತದೆ. ಆ ಷರತ್ತು ಇದ್ದದ್ದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪೀಠ, ಇದು ಹಿರಿಯರ ಹಿತಕ್ಕಾಗಿ ಬಂದ ಕಾಯ್ದೆ, ಉದಾರವಾಗಿ ಓದಿ ಎಂದಿತು. ಆಶ್ರಮದ ಆಡಳಿತವೇ ನಿವಾಸಿಯಿಂದ ಉಯಿಲು ಬರೆಸಿಕೊಂಡರೆ ಹೇಗೆ? ನೋಡಿಕೊಳ್ಳುವವರಿಗೆ ನಿವಾಸಿಯ ಸಾವಿನಿಂದ ಲಾಭ ಬರುವಂತಿದ್ದರೆ ಆರೈಕೆಯ ಮೇಲೆ ನಂಬಿಕೆ ಉಳಿಯುವುದಿಲ್ಲ. ಅಂಥ ದಾನಕ್ಕೆ ಹೊರಗಿನವರ ಪರಿಶೀಲನೆ ಕಡ್ಡಾಯವಾಗಬೇಕು.

ಆರೈಕೆ ಮಾಡುವವರ ಬದುಕು ಇನ್ನೊಂದು ಮುಖ. ಮೈ ಒರೆಸಿ, ಮಲಮೂತ್ರ ಬಳಿದು, ರಾತ್ರಿಯಿಡೀ ಎದ್ದಿರುವ ಈ ಕೆಲಸ ಹೆಚ್ಚಾಗಿ ಬಡ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ, ಶುಚಿ ಮಾಡುವ ಕೆಲಸಕ್ಕೆ ಜಾತಿಯ ನೆರಳೂ ಅಂಟಿದೆ. ತರಬೇತಿ, ತಕ್ಕ ಸಂಬಳ, ರಜೆ ಇಲ್ಲದವರಿಂದ ತಾಳ್ಮೆಯನ್ನು ಮಾತ್ರ ನಿರೀಕ್ಷಿಸುವುದು ನ್ಯಾಯವಲ್ಲ. ಒಂದೇ ಪಂಕ್ತಿಯಲ್ಲಿ ಊಟ, ಒಂದೇ ಕೊಡದ ನೀರು ಎಂಬ ನಿಯಮವನ್ನು ಹಿರಿಯ ನಿವಾಸಿಯೊಬ್ಬರು ಮಡಿಯ ಹೆಸರಿನಲ್ಲಿ ಒಪ್ಪದಿದ್ದರೆ? ಅವರ ನಂಬಿಕೆಯನ್ನು ಗೌರವಿಸಬೇಕೆಂಬ ತತ್ವ ಪಕ್ಕದ ಮಂಚದವರನ್ನು ಅವಮಾನಿಸುವ ಹಂತಕ್ಕೆ ಹೋಗಲು ಬಿಡಬಾರದು. ಇಲ್ಲಿ ಸಮಾನತೆಯೇ ಮೇಲು.

ಕೊನೆಗೆ ಸಾವು. ಉಳಿಯುವ ಭರವಸೆ ಇಲ್ಲದಾಗ ಯಂತ್ರದ ಜೀವಾಧಾರ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯ ಮಾಡಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಎಲ್ಲಿ ಸಾಯಬೇಕು, ಯಾರು ಹತ್ತಿರವಿರಬೇಕು, ಮಣ್ಣಿಗೋ ಬೆಂಕಿಗೋ ಎಂದು ಆಶ್ರಮದಲ್ಲಿ ಕೇಳಿ ಬರೆದಿಡುವ ಪದ್ಧತಿ ಬೆಳೆಯಬೇಕು.

ಇನ್ನೂ ತೀರ್ಮಾನವಾಗದವು

ಈ ಐದೂ ಪಂಥಗಳು ಒಂದೊಂದು ಸತ್ಯವನ್ನು ಹಿಡಿದಿವೆ. ಮನೆತನದ ಪಂಥ ಹೊಣೆಯನ್ನು ನೆನಪಿಸುತ್ತದೆ, ದಾನದ ಪಂಥ ತಕ್ಷಣ ಕೈಹಿಡಿಯುತ್ತದೆ, ಹಕ್ಕಿನ ಪಂಥ ಕೇಳುವ ಬಲ ಕೊಡುತ್ತದೆ, ಸಂಸ್ಥೆಯನ್ನು ಅನುಮಾನಿಸಿದವರು ಎಚ್ಚರಿಸುತ್ತಾರೆ, ಆರೈಕೆಯ ನೀತಿ ದಿನದ ನಡೆಯನ್ನು ಕಲಿಸುತ್ತದೆ. ನನ್ನ ಮಟ್ಟಿಗೆ ಇವೆಲ್ಲವನ್ನೂ ಒರೆಗೆ ಹಚ್ಚುವ ಪ್ರಶ್ನೆ ಒಂದೇ: ನಿವಾಸಿ ಒಲ್ಲೆ ಎಂದರೆ ಅಲ್ಲಿ ಏನಾದರೂ ಬದಲಾಗುತ್ತದೆಯೇ? ಬದಲಾಗದಿದ್ದರೆ ಕಟ್ಟಡ ಎಷ್ಟು ಚೆನ್ನಾಗಿದ್ದರೂ ಆ ಆರೈಕೆ ಅರ್ಧ.

ಇಷ್ಟಾದರೂ ಹಲವು ಗಂಟುಗಳು ಹಾಗೇ ಇವೆ. ಮೊದಲನೆಯದು ಹಣ. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ 60ರಿಂದ 79ರವರೆಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ, ರಾಜ್ಯದ ಸಂಧ್ಯಾ ಸುರಕ್ಷಾ ಮಾಸಾಶನ 1,200. ಯೋಗ್ಯ ಆರೈಕೆಯ ಖರ್ಚು ಇದರ ಎಷ್ಟೋ ಪಟ್ಟು. ಜಪಾನ್ 2000ದಲ್ಲಿ ತಂದಂಥ ದೀರ್ಘಾವಧಿ ಆರೈಕೆ ವಿಮೆ ನಮ್ಮ ಅಸಂಘಟಿತ ಕೂಲಿಕಾರರಿಗೆ ಹೇಗೆ ಒಗ್ಗೀತು ಎಂಬುದಕ್ಕೆ ಒಪ್ಪಿತ ಉತ್ತರವಿಲ್ಲ.

ಎರಡನೆಯದು ಮಾಹಿತಿ. 2017–18ರ ಭಾರತದ ದೊಡ್ಡ ವೃದ್ಧಾಪ್ಯ ಸಮೀಕ್ಷೆ ‘ಲಾಸಿ’ ಮನೆಮನೆಗೆ ಹೋಗಿ ನಡೆದದ್ದು. ಆಶ್ರಮವಾಸಿಗಳು ಇಂಥ ಸಮೀಕ್ಷೆಗಳ ಹೊರಗೇ ಉಳಿಯುತ್ತಾರೆ, ಲೆಕ್ಕಕ್ಕೆ ಸಿಗದವರಿಗೆ ಮಾನದಂಡ ಬರೆಯುವುದು ಕಷ್ಟ. ಮೂರನೆಯದು ನಿಯಮದ ಬಿಗಿ. ಕಡ್ಡಾಯ ಮಾನದಂಡ ತಂದು ಕೂಡಲೇ ಹೇರಿದರೆ ತಾಲೂಕಿನ ಬಡ ಆಶ್ರಮಗಳು ಮುಚ್ಚಿ ಅಲ್ಲಿನವರು ಬೀದಿಗೆ ಬೀಳಬಹುದು, ತರದಿದ್ದರೆ ಅಲಕ್ಷ್ಯಕ್ಕೆ ಕೊನೆಯಿಲ್ಲ. ನೋಂದಣಿಯನ್ನು ಕಡ್ಡಾಯ ಮಾಡಿ, ಗುಣಮಟ್ಟ ಏರಿಸಲು ಅನುದಾನ ಮತ್ತು ಗಡುವು ಎರಡನ್ನೂ ಒಟ್ಟಿಗೆ ಕೊಡುವುದು ನನಗೆ ಸರಿ ಕಾಣುವ ದಾರಿ. ಆದರೆ ಕನಿಷ್ಠದ ಗೆರೆ ಎಲ್ಲಿ ಎಂಬ ವಾದ ಮುಗಿಯುವುದಿಲ್ಲ.

ನಾಲ್ಕನೆಯದು, ನೆನಪು ಮತ್ತು ವಿವೇಚನೆ ಕುಂದಿದವರ ಇಚ್ಛೆಯನ್ನು ಯಾರು ಹೇಗೆ ಓದಬೇಕು ಎಂಬುದು. ಹಿಂದೆ ಆಡಿದ ಮಾತಿಗೆ ಬೆಲೆಯೋ, ಈಗಿನ ಮುಖಭಾವಕ್ಕೆ ಬೆಲೆಯೋ ಎಂಬಲ್ಲಿ ತತ್ವಶಾಸ್ತ್ರಜ್ಞರೂ ಒಮ್ಮತಕ್ಕೆ ಬಂದಿಲ್ಲ. ಐದನೆಯದು ಜಾಗತಿಕ ಒಪ್ಪಂದ. ಹಿರಿಯರ ಹಕ್ಕುಗಳಿಗೆ ದೇಶಗಳನ್ನು ಬದ್ಧಗೊಳಿಸುವ ಕರಡು ಸಿದ್ಧಪಡಿಸಲು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2025ರ ಏಪ್ರಿಲಿನಲ್ಲಷ್ಟೇ ಕಾರ್ಯಗುಂಪು ರಚಿಸಲು ನಿರ್ಧರಿಸಿತು. ಅದರ ಫಲ ನಮ್ಮ ತಾಲೂಕಿನವರೆಗೆ ಬರಲು ವರ್ಷಗಳೇ ಬೇಕು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಪ್ರತಿ ಆಶ್ರಮದಲ್ಲಿ ನಿವಾಸಿಗಳದೇ ಒಂದು ಸಮಿತಿ, ಹೊರಗಿನವರು ತೆರೆಯುವ ದೂರಿನ ಪೆಟ್ಟಿಗೆ, 14567 ಸಹಾಯವಾಣಿಯ ಸಂಖ್ಯೆ ದೊಡ್ಡಕ್ಷರದಲ್ಲಿ ಗೋಡೆಯ ಮೇಲೆ, ಓದು ಬಾರದವರಿಗೆ ಅದನ್ನು ಓದಿ ಹೇಳುವ ಒಬ್ಬರು. ಇವಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಸಮಿತಿಯ ಮಾತಿಗೆ ಆಡಳಿತ ಬಗ್ಗಲೇಬೇಕೆಂದು ಕಟ್ಟುಪಾಡು ಮಾಡಲು ಮಾತ್ರ ಕಾಯ್ದೆ ಬೇಕು, ಆ ಕಾಯ್ದೆಯನ್ನು ಯಾವ ಸರ್ಕಾರ ಯಾವಾಗ ತರುತ್ತದೆ ಎಂಬುದು ಈ ಚರ್ಚೆಯಲ್ಲಿ ತೆರೆದೇ ಉಳಿದಿರುವ ಅತಿ ದೊಡ್ಡ ಪ್ರಶ್ನೆ.